ಹಬ್ಬದ ಊಟ: ಹಿತವಿರಲಿ, ಅಳುಕು ಬೇಡ

ಕ್ರಿಸ್ತ ಜಯಂತಿಯ ಮರುದಿನ ನಮ್ಮ ಕುಟುಂಬಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ. ಮನೆಯ ಹಿರಿಯರೊಬ್ಬರು ಬೆಳಗಿನ ಊಟಕ್ಕೆ ಕರೆದಾಗ ತಾಟನ್ನು ಸರಿಸಿ, "ನಿನ್ನಿ ಎರಡು ಹೋಳಿಗಿ ತಿಂದೀನಿ, ಇವತ್ತು ನಾ ಏನೂ ಉಣ್ಣಂಗಿಲ್ಲ" ಎನ್ನುತ್ತಾರೆ. ಆದರೆ ಸಕ್ಕರೆ ಕಾಯಿಲೆಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಮನೆಯವರು ಗಾಬರಿಗೊಂಡು, ನಿನ್ನೆ ತಿಂದದ್ದೇ ಹೆಚ್ಚಾಯಿತೆಂದು ಹೋಳಿಗೆಯನ್ನು ದೂರುತ್ತಾರೆ. ಆ ಹಿರಿಯರನ್ನು ಕೆಡವಿದ್ದು ನಿನ್ನೆಯ ಹೋಳಿಗೆಯಲ್ಲ, ಇಂದಿನ ಉಪವಾಸ. ಆ ಉಪವಾಸಕ್ಕೆ ಕಾರಣ ಭಕ್ತಿಯೂ ಅಲ್ಲ, ವೈದ್ಯರ ಸಲಹೆಯೂ ಅಲ್ಲ. ಹಬ್ಬದ ದಿನ ಸಂತೋಷದಿಂದ ಉಂಡೆವೆಂಬ ಅಳುಕು.

ಹಬ್ಬದ ಆಹಾರದ ಬಗ್ಗೆ ಎಚ್ಚರ ಹೇಳುವವರು ಬಹಳ ಮಂದಿ. ಆದರೆ ಹಬ್ಬದ ನಂತರ ಕಾಡುವ ಈ ಅಳುಕಿನಿಂದಲೂ ದೇಹಕ್ಕೆ ಹಾನಿಯುಂಟೆಂದು ಹೇಳುವವರು ವಿರಳ. ಆದುದರಿಂದ ಈ ವಾರ ಆ ವಿಷಯವನ್ನು ನಮ್ಮ ಓದುಗ ಕುಟುಂಬಗಳೊಡನೆ ಕುಳಿತು ವಿಚಾರಿಸಬೇಕೆಂದು ನಾವು ಬಯಸುತ್ತೇವೆ.

ನಮ್ಮ ಸೀಮೆಯ ಡಿಸೆಂಬರ್

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯ ಸುತ್ತಮುತ್ತ ಡಿಸೆಂಬರ್ ತಿಂಗಳೆಂದರೆ ತೊಗರಿಯ ರಾಶಿಯ ಕಾಲ. ಕರಿಮಣ್ಣಿನ ಹೊಲಗಳಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಗುಲ್ಬರ್ಗ ತೊಗರಿ ಬೇಳೆ ನಮ್ಮ ಅಂಗಳದ ಬೆಳೆ. ಇತ್ತ ವಾಡಿ, ಶಹಾಬಾದ್, ಸೇಡಂಗಳಲ್ಲಿ ರೈಲ್ವೆ, ಸಿಮೆಂಟ್ ಮತ್ತು ಕಲ್ಲಿನ ಕೆಲಸಕ್ಕೆಂದು ಬೇರೆ ಬೇರೆ ಕಡೆಗಳಿಂದ ಬಂದು ನೆಲೆಸಿದ ಕುಟುಂಬಗಳಿವೆ. ಹೀಗಾಗಿ 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಕ್ಷೇತ್ರದ ಈ ಭಾಗದಲ್ಲಿ ಕ್ರಿಸ್‌ಮಸ್ ಊಟಕ್ಕೆ ಒಂದೇ ರೂಪವೆಂಬುದಿಲ್ಲ. ಒಂದು ಮನೆಯಲ್ಲಿ ಹೂರಣದ ಹೋಳಿಗೆ ಮತ್ತು ಕಟ್ಟಿನ ಸಾರು, ಇನ್ನೊಂದರಲ್ಲಿ ಬಿರಿಯಾನಿ, ಕರಾವಳಿಯಿಂದ ಬಂದವರ ಮನೆಯಲ್ಲಿ ನೆವ್ರ್ಯೊ, ಕಿಡ್ಯೊ, ಗುಳಿಯೊ ತುಂಬಿದ ಕುಸ್ವಾರಿನ ತಟ್ಟೆ, ಎಲ್ಲರ ಮನೆಯಲ್ಲೂ ಕೇಕು.

ಇದೇ ದಿನಗಳ ಆಸುಪಾಸಿನಲ್ಲಿ ನಮ್ಮ ನೆರೆಹೊರೆಯ ರೈತರ ಎಳ್ಳ ಅಮಾವಾಸ್ಯೆಯೂ ಬರುತ್ತದೆ. 2024ರಲ್ಲಿ ಅದು ಡಿಸೆಂಬರ್ 30ರಂದು, ಅಂದರೆ ಕ್ರಿಸ್ತ ಜಯಂತಿಯ ಎಂಟು ದಿನಗಳ ಆಚರಣೆಯ ನಡುವೆಯೇ ಬಂದಿತ್ತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದವರು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಭಜ್ಜಿಗಳನ್ನು ನಮ್ಮ ಮನೆಗಳಿಗೂ ಕೊಡುತ್ತಾರೆ. ಎರಡು ಹಬ್ಬಗಳ ಊಟ ಒಂದೇ ವಾರದಲ್ಲಿ ಕೂಡಿದಾಗ, ಬೇಡವೆನ್ನುವುದು ಹೇಗೆ, ಉಣ್ಣುವುದೆಷ್ಟು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಉಣ್ಣುವುದು ಪಾಪವೇ?

ಮೊದಲು ಮನಸ್ಸಿನ ಭಾರವನ್ನು ಇಳಿಸೋಣ. ಧರ್ಮಸಭೆಯ ಪಂಚಾಂಗದಲ್ಲಿ ಉಪವಾಸಕ್ಕೆ ಸ್ಥಾನವಿರುವಂತೆಯೇ ಹಬ್ಬದೂಟಕ್ಕೂ ಸ್ಥಾನವಿದೆ. ಶುಕ್ರವಾರಗಳಂದು ಮಾಂಸವರ್ಜನವನ್ನು ವಿಧಿಸುವ ಧರ್ಮಸಭೆಯ ಕಾನೂನಿನ 1251ನೆಯ ವಿಧಿಯೇ, ಮಹೋತ್ಸವವೊಂದು ಶುಕ್ರವಾರ ಬಂದರೆ ಆ ನಿಯಮ ಅನ್ವಯಿಸದು ಎಂದೂ ಹೇಳುತ್ತದೆ. 2020ರ ಕ್ರಿಸ್‌ಮಸ್ ಶುಕ್ರವಾರ ಬಂದಾಗ ನಾವು ಮಾಂಸದೂಟ ಮಾಡಿದ್ದು ಈ ಕಾರಣದಿಂದಲೇ. ಅಸ್ಸೀಸಿಯ ಸಂತ ಫ್ರಾನ್ಸಿಸರ ಚರಿತ್ರೆಯನ್ನು 13ನೆಯ ಶತಮಾನದಲ್ಲಿ ಬರೆದ ಚೆಲಾನೊದ ತೋಮಾಸರು ಈ ಬಗೆಯ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಶುಕ್ರವಾರದಂದು ಬಂದ ಕ್ರಿಸ್ತ ಜಯಂತಿಗೆ ಮಾಂಸ ಬೇಡವೆಂಬ ಮಾತು ಸಹೋದರರಲ್ಲಿ ಎದ್ದಾಗ ಫ್ರಾನ್ಸಿಸರು ಅದನ್ನು ಒಪ್ಪಲಿಲ್ಲ; ಅಂಥ ದಿನ ಗೋಡೆಗಳೂ ಮಾಂಸ ಉಣ್ಣಬೇಕು, ಅವಕ್ಕೆ ಆಗದಿದ್ದರೆ ಮೇಲೆ ಬಳಿಯಬೇಕು ಎಂದರಂತೆ. ವರ್ಷದ ಬಹುಭಾಗವನ್ನು ಕಠಿಣ ಉಪವಾಸದಲ್ಲಿ ಕಳೆದ ಸಂತರ ಮಾತಿದು ಎಂಬುದನ್ನು ಮರೆಯಬಾರದು. ಉಪವಾಸವನ್ನು ಬಲ್ಲವರಿಗೇ ಹಬ್ಬದ ಬೆಲೆ ತಿಳಿದಿತ್ತು.

ಹಾಗಾದರೆ ಹೊಟ್ಟೆಬಾಕತನ ಎಂಬ ದುರ್ಗುಣ ಯಾವುದು? ಕ್ರಿ.ಶ. 590ರಿಂದ 604ರವರೆಗೆ ಧರ್ಮಸಭೆಯನ್ನು ನಡೆಸಿದ ಮಹಾ ಸಂತ ಗ್ರೆಗೋರಿಯವರು ಅದಕ್ಕೆ ಐದು ರೂಪಗಳನ್ನು ಗುರುತಿಸಿದ್ದಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅಡುಗೆಯಲ್ಲಿ ಅತಿಯಾದ ನಯನಾಜೂಕನ್ನು ಕೇಳುವುದು, ಮಿತಿಮೀರಿ ತಿನ್ನುವುದು, ಆತುರಪಟ್ಟು ತಿನ್ನುವುದು. ಇವುಗಳಲ್ಲಿ ಪ್ರಮಾಣಕ್ಕೆ ಸಂಬಂಧಿಸಿದ್ದು ಒಂದೇ ಎಂಬುದು ಗಮನಾರ್ಹ. ಉಳಿದ ನಾಲ್ಕೂ ಮನಸ್ಸು ಆಹಾರಕ್ಕೆ ಸೆರೆಸಿಕ್ಕುವ ಬಗೆಗಳು. ಕೃತಜ್ಞತೆಯಿಂದ, ನಾಲ್ಕು ಜನರೊಡನೆ ಕುಳಿತು ಒಂದು ಹೋಳಿಗೆಯನ್ನು ಉಂಡವರು ಈ ಐದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಬ್ಬಕ್ಕೆ ವಾರ ಮೊದಲಿನಿಂದ ತೂಕದ ಚಿಂತೆಯಲ್ಲಿ ಮುಳುಗಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರ ಮುಖವನ್ನೂ ನೋಡದವರ ಮನಸ್ಸು ಮಾತ್ರ ಆಹಾರದಲ್ಲಿಯೇ ಸಿಕ್ಕಿಕೊಂಡಿದೆ ಎನ್ನದೆ ವಿಧಿಯಿಲ್ಲ.

ಇನ್ನೊಂದು ಮಾತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ರೋಗಗಳೇ ಹೊರತು ಅಪರಾಧಗಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅದರ ಹೊಸ್ತಿಲಲ್ಲಿರುವವರು ಇನ್ನೂ 13.6 ಕೋಟಿ. ಇಷ್ಟು ಜನರ ಸಂಕಟವನ್ನು ನಾಚಿಕೆಯ ವಿಷಯವಾಗಿ ಮಾಡಿದರೆ ಫಲ ಒಂದೇ: ಅವರು ಅಡುಗೆಮನೆಯ ಮೂಲೆಯಲ್ಲಿ ಕದ್ದು ತಿನ್ನುತ್ತಾರೆ, ವೈದ್ಯರ ಮುಂದೆ ಸುಳ್ಳು ಹೇಳುತ್ತಾರೆ. ಮನೆಯ ಮಕ್ಕಳು ಅಪ್ಪ ಅವ್ವಂದಿರನ್ನು ಬಂಧುಗಳೆದುರು "ನಿಮಗ ಬ್ಯಾಡ್ರಿ" ಎಂದು ತಡೆಯುವಾಗ ಈ ವಿಚಾರ ನೆನಪಿರಲಿ.

ಲೆಕ್ಕ ಏನು ಹೇಳುತ್ತದೆ?

ಹಬ್ಬದಲ್ಲಿ ಮೂರು ನಾಲ್ಕು ಕಿಲೋ ಹೆಚ್ಚಿತೆಂದು ಹಲವರು ಹೇಳಿಕೊಳ್ಳುವುದುಂಟು. ಅಮೆರಿಕದಲ್ಲಿ 195 ಮಂದಿ ವಯಸ್ಕರನ್ನು ಹಬ್ಬಗಳ ಕಾಲದಲ್ಲಿ ತೂಗಿ ನೋಡಿದ ಅಧ್ಯಯನವೊಂದು 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ನವೆಂಬರ್ ಮಧ್ಯದಿಂದ ಜನವರಿಯ ಆರಂಭದವರೆಗೆ ಅವರಲ್ಲಿ ಕಂಡ ಸರಾಸರಿ ಏರಿಕೆ 370 ಗ್ರಾಂ ಮಾತ್ರ, ಅಂದರೆ ಅರ್ಧ ಕಿಲೋಗಿಂತ ಕಡಿಮೆ. ಈ ಸಂಖ್ಯೆ ನಮ್ಮ ಭಯವನ್ನು ತಗ್ಗಿಸಬೇಕು. ಆದರೆ ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ತಿಳಿಸಿತು: ಆ ಸ್ವಲ್ಪ ತೂಕ ಮುಂದಿನ ತಿಂಗಳುಗಳಲ್ಲಿ ತಾನಾಗಿ ಇಳಿಯಲಿಲ್ಲ. ವರ್ಷ ವರ್ಷವೂ ಹೀಗೆ ಕೂಡುತ್ತ ಹೋದರೆ ಮೊತ್ತ ದೊಡ್ಡದಾಗುತ್ತದೆ.

ಇದರಿಂದ ನಾವು ತಿಳಿಯಬೇಕಾದುದು ಸ್ಪಷ್ಟ. ಕ್ರಿಸ್‌ಮಸ್‌ನ ಒಂದು ಊಟ ಯಾರನ್ನೂ ರೋಗಿಯನ್ನಾಗಿ ಮಾಡುವುದಿಲ್ಲ. ಹಬ್ಬ ಮುಗಿದ ಮೇಲೂ ಡಬ್ಬಿಯಲ್ಲಿ ಉಳಿದ ಕುಸ್ವಾರನ್ನು ದಿನವೂ ಚಹಾದ ಜೊತೆ ಬಾಯಾಡಿಸುತ್ತ ಹೋಗುವ ಅಭ್ಯಾಸವೇ ಮಾಡುವುದು. ಹಬ್ಬದ ದಿನ ಹಬ್ಬದಂತಿರಲಿ. ನಿತ್ಯದ ದಿನ ನಿತ್ಯದಂತೆ ಇರಲಿ. ಎರಡರ ನಡುವಿನ ಗೆರೆ ಅಳಿಸಿಹೋದಲ್ಲಿಯೇ ಅಪಾಯ.

ಚಹಾದ ಮಾತು ಬಂದುದರಿಂದ ಅದನ್ನೂ ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಬೇಕಾಗುವ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಹೊರಗಿನಿಂದ ಬೆರೆಸಿದ ಸಕ್ಕರೆಯಿಂದ ಬರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ಸಾಮಾನ್ಯ ವಯಸ್ಕರಿಗೆ ಅದು ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ಹಬ್ಬದ ದಿನ ಐದು ಮನೆಗಳಿಗೆ ಶುಭಾಶಯ ಹೇಳಲು ಹೋಗಿ, ಪ್ರತಿ ಮನೆಯಲ್ಲೂ ಎರಡು ಚಮಚ ಸಕ್ಕರೆಯ ಚಹಾ ಕುಡಿದರೆ ಹತ್ತು ಚಮಚವಾಯಿತು. ಚಮಚಕ್ಕೆ ನಾಲ್ಕೈದು ಗ್ರಾಂ ಎಂದರೂ ಒಂದು ತುಂಡು ಕೇಕು ಮುಟ್ಟುವ ಮೊದಲೇ ದಿನದ ಪಾಲು ಬಹುಮಟ್ಟಿಗೆ ಮುಗಿದಂತೆಯೇ. ಯಾರೂ ನೆನಪಿಡದ ಚಹಾದಲ್ಲಿ ಸಕ್ಕರೆಯನ್ನು ಬಿಟ್ಟು, ಎಲ್ಲರೂ ನೆನಪಿಡುವ ಹೋಳಿಗೆಯನ್ನು ಉಣ್ಣುವುದು ಜಾಣತನ. ಕಂಪನಿಯ ಬಣ್ಣದ ಪಾನೀಯಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನಮ್ಮ ನೆಲದ ತಾಟು

ವಾಡಿಯಿಂದ ಸೇಡಂ, ತಾಂಡೂರು ದಾಟಿ ಹೋಗುವ ರೈಲು ಹೈದರಾಬಾದಿನ ಕಡೆಗೆ ಸಾಗುತ್ತದೆ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಆ ನಗರಕ್ಕೆ ಸ್ಥಳಾಂತರಗೊಂಡ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪ್ರಕಟಿಸಿತು. ಅದರ ಮಾದರಿ ತಾಟಿನಲ್ಲಿ ಅರ್ಧ ಭಾಗ ತರಕಾರಿ, ಸೊಪ್ಪು ಮತ್ತು ಹಣ್ಣು. ಉಳಿದ ಅರ್ಧದಲ್ಲಿ ಧಾನ್ಯ, ಬೇಳೆಕಾಳು ಅಥವಾ ಮಾಂಸ ಮೊಟ್ಟೆಗಳು, ಹಾಲು ಮೊಸರು.

ಇದನ್ನು ಓದಿದ ನಮ್ಮ ಸೀಮೆಯ ಅಜ್ಜಿಗೆ ಹೊಸದೆನಿಸುವುದು ಏನೂ ಇಲ್ಲ. ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು, ಮೇಲೆ ಹಸಿ ಉಳ್ಳಾಗಡ್ಡಿ, ಸವತೆಕಾಯಿ: ನಮ್ಮ ನಿತ್ಯದ ತಾಟೇ ಅದಕ್ಕೆ ಬಹಳ ಹತ್ತಿರ. 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದೆ. ಜೋಳ, ಸಜ್ಜೆಗಳಲ್ಲಿ ನಾರಿನಂಶವೂ ಸಮೃದ್ಧ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜಗತ್ತು ಹೊಗಳಿದ್ದು ಇವೇ ಧಾನ್ಯಗಳನ್ನು. ಎಳ್ಳ ಅಮಾವಾಸ್ಯೆಯ ಭಜ್ಜಿಯಂತೂ ಹಲವು ಬಗೆಯ ಸೊಪ್ಪು, ಕಾಯಿ, ಹಸಿಕಾಳುಗಳು ಒಂದೇ ಪಾತ್ರೆಯಲ್ಲಿ ಬೆರೆತ ಅಡುಗೆ.

ನಮ್ಮ ಹಬ್ಬದೂಟದ ಕೊರತೆಯೂ ಇಲ್ಲಿಯೇ ಇದೆ. ಹಬ್ಬ ಬಂದೊಡನೆ ರೊಟ್ಟಿ, ಪಲ್ಯ, ಬೇಳೆಗಳನ್ನು ಬಡತನದ ಊಟವೆಂದು ಬದಿಗೆ ಸರಿಸಿ, ತಾಟಿನ ತುಂಬ ಅನ್ನ, ಮೈದಾ, ಎಣ್ಣೆ, ಸಕ್ಕರೆಗಳನ್ನೇ ತುಂಬುತ್ತೇವೆ. ಸಿಹಿಯನ್ನು ತಾಟಿನಿಂದ ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಪುಂಡಿ ಪಲ್ಯವನ್ನು ಹಬ್ಬದ ತಾಟಿಗೆ ಮರಳಿ ಕರೆತನ್ನಿ ಎಂದಷ್ಟೇ ನಮ್ಮ ವಿನಂತಿ. ಆ ತಿಂಗಳಲ್ಲಿ ಸಿಗುವ ಹಸಿ ತೊಗರಿ ಕಾಯಿಯನ್ನು ಉಪ್ಪು ಹಾಕಿ ಕುದಿಸಿಟ್ಟರೆ, ಬಂದ ಅತಿಥಿಗಳಿಗೆ ಕರಿದ ತಿಂಡಿಯ ಜೊತೆಗೆ ಅದೂ ಒಂದು ಆಯ್ಕೆಯಾಗುತ್ತದೆ.

ಉಣ್ಣುವ ಕ್ರಮವೂ ಮುಖ್ಯ. ಮೊದಲು ಕೋಸಂಬರಿ, ಪಲ್ಯ. ನಂತರ ಬೇಳೆ ಅಥವಾ ಮಾಂಸ. ಆಮೇಲೆ ಅನ್ನ, ಸಿಹಿ. ಹೀಗೆ ಉಂಡರೆ ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆಯೆಂದು ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೂ ಇದೇ ಪ್ರಯೋಜನ. ಶುಭಾಶಯ ಹೇಳಲು ಪಕ್ಕದ ಓಣಿಗೆ ಮೋಟಾರು ಸೈಕಲ್ ಬಿಟ್ಟು ನಡೆದೇ ಹೋಗಬಹುದಲ್ಲವೇ? ಇನ್ನು, ಮಧ್ಯಾಹ್ನ ಹೆಚ್ಚು ಉಣ್ಣಬೇಕೆಂದು ಬೆಳಗಿನ ಊಟವನ್ನು ಬಿಡುವುದು ಬೇಡ. ನಡುರಾತ್ರಿಯ ಬಲಿಪೂಜೆ ಮುಗಿಸಿ ತಡವಾಗಿ ಮಲಗಿ, ಬರಿ ಹೊಟ್ಟೆಯಲ್ಲಿ ಹಬ್ಬದೂಟಕ್ಕೆ ಕುಳಿತವರ ಕೈಯಲ್ಲಿ ಮಿತಿ ಉಳಿಯುವುದು ಕಷ್ಟ.

ಸಕ್ಕರೆ ಕಾಯಿಲೆಯವರಿಗೆ

ಆರಂಭದಲ್ಲಿ ಹೇಳಿದ ಹಿರಿಯರ ಕಡೆಗೆ ಮರಳೋಣ. ಇನ್ಸುಲಿನ್ ಹಾಗೂ ಸಕ್ಕರೆ ಕಾಯಿಲೆಯ ಕೆಲವು ಬಗೆಯ ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ತೀವ್ರ ಹಸಿವು, ಮಾತಿನ ಗೊಂದಲ ಇದರ ಲಕ್ಷಣಗಳು. ಆಗ ಎಚ್ಚರವಿರುವ ರೋಗಿಗೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಚೇತರಿಸಿಕೊಂಡ ಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬರಿ ಹೊಟ್ಟೆಯಲ್ಲಿ ಮದ್ಯ ಸೇವಿಸಿದರೂ ಇದೇ ಅಪಾಯವಿದೆ. ಮದ್ಯದ ವಿಷಯದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಹಬ್ಬದ ಹೆಸರಿನಲ್ಲಿ ಅದನ್ನು ಸಮರ್ಥಿಸುವವರು ಇದನ್ನು ಗಮನಿಸಲಿ.

ಆದುದರಿಂದ ನಿನ್ನೆ ಉಂಡದ್ದಕ್ಕೆ ಇಂದು ದಂಡ ತೆರುವ ಪದ್ಧತಿಯನ್ನು ಬಿಡೋಣ. ಹೆಚ್ಚಾಯಿತೆನಿಸಿದರೆ ಮರುದಿನ ಹೊತ್ತಿಗೆ ಸರಿಯಾಗಿ ರೊಟ್ಟಿ, ಪಲ್ಯ, ಬೇಳೆ ಉಂಡು, ಮಾತ್ರೆಯನ್ನು ವೈದ್ಯರು ಹೇಳಿದಂತೆ ತೆಗೆದುಕೊಂಡು, ಸ್ವಲ್ಪ ನಡೆದರೆ ಸಾಕು. ಹಬ್ಬಕ್ಕೆ ಮೊದಲೇ ವೈದ್ಯರನ್ನು ಕಂಡು, "ಆ ದಿನ ಒಂದು ಹೋಳಿಗೆ ಉಣ್ಣುತ್ತೇನೆ, ಏನು ಮಾಡಲಿ?" ಎಂದು ನೇರವಾಗಿ ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಒಂದು ಹೋಳಿಗೆ ಉಣ್ಣುವ ದಿನ ಅನ್ನವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡುವುದು ಹಲವರಿಗೆ ಸಾಧ್ಯವಾಗುವ ದಾರಿ. ಬೆಲ್ಲದ್ದಾದರೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ಮಾತ್ರ ತಪ್ಪು. ರಕ್ತದ ಸಕ್ಕರೆಯನ್ನು ಬೆಲ್ಲವೂ ಏರಿಸುತ್ತದೆ. ಮೂತ್ರಪಿಂಡದ ತೊಂದರೆಯಿರುವವರು ತಮ್ಮ ವೈದ್ಯರ ಪಥ್ಯವನ್ನೇ ಅನುಸರಿಸಬೇಕು. ಮೇಲೆ ಹೇಳಿದ ತಾಟು ಅವರಿಗೆ ಹೊಂದದಿರಬಹುದು.

ಕೊನೆಗೆ ಉಣ್ಣುವ ತಾಯಿ

ಹಬ್ಬದ ಊಟದ ಮಾತಿನಲ್ಲಿ ನಾವೆಲ್ಲ ಮರೆಯುವ ವ್ಯಕ್ತಿಯೊಬ್ಬರಿದ್ದಾರೆ. ನಸುಕಿನಲ್ಲೆದ್ದು ಒಲೆ ಹೊತ್ತಿಸಿ, ಬಂದವರಿಗೆಲ್ಲ ಬಡಿಸಿ, "ನೀವು ಉಣ್ರಿ, ನಂದು ಆಮ್ಯಾಲ ಆಗ್ತದ" ಎನ್ನುವ ತಾಯಿ. ಆಕೆಯ ಸರದಿ ಬರುವಾಗ ಮಾಂಸದ ತುಂಡುಗಳು ಮುಗಿದಿರುತ್ತವೆ; ಉಳಿದಿರುವುದು ಅನ್ನ, ರಸ, ಮಕ್ಕಳು ಕಚ್ಚಿಬಿಟ್ಟ ಹೋಳಿಗೆ. ಅನ್ನ ದೇವರ ಕೊಡುಗೆ, ಚೆಲ್ಲಬಾರದೆಂದು ಅದನ್ನೆಲ್ಲ ತಾನೇ ಮುಗಿಸುತ್ತಾಳೆ. ಆಮೇಲೆ ಹೆಚ್ಚು ತಿಂದೆನೆಂದು ಕೊರಗುವವಳೂ ಆಕೆಯೇ!

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಂಥ ಮನೆಗಳಲ್ಲಿ ಸಮತೋಲನದ ಆಹಾರವೆಂದರೆ ಬರಿಯ ಕಡಿಮೆ ತಿನ್ನುವುದಲ್ಲ. ಯಾರಿಗೆ ಏನು ಸಿಗುತ್ತಿಲ್ಲವೆಂದು ನೋಡುವುದೂ ಹೌದು. ಈ ಕ್ರಿಸ್‌ಮಸ್‌ಗೆ ಅಡುಗೆ ಮಾಡಿದವರ ತಾಟನ್ನು ಮೊದಲೇ ಬಡಿಸಿ ತೆಗೆದಿಡಿ; ಸಾಧ್ಯವಾದರೆ ಅವರನ್ನೂ ಪಂಕ್ತಿಯಲ್ಲಿ ಕೂರಿಸಿ ಮನೆಯ ಗಂಡಸರು, ಮಕ್ಕಳು ಬಡಿಸಲಿ. ಊಟದ ಜೊತೆಯಲ್ಲೇ ಚಹಾ ಕುಡಿದರೆ ಆಹಾರದಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುವುದರಿಂದ, ಅದನ್ನು ಒಂದು ತಾಸು ತಡೆದು ಕುಡಿಯುವುದು ಒಳಿತು. ಉಳಿದ ಅಡುಗೆಯನ್ನು ಎರಡು ತಾಸಿನೊಳಗೆ ತಂಪು ಪೆಟ್ಟಿಗೆಯಲ್ಲಿಟ್ಟರೆ, ಅದನ್ನು ಅಂದೇ ಯಾರೂ ಕಷ್ಟಪಟ್ಟು ಮುಗಿಸಬೇಕಾಗಿಲ್ಲ.

ಹಂಚಿದರೆ ಹಬ್ಬ

ಕ್ರಿಸ್ತ ಜಯಂತಿಯ ಕಾಲ ಡಿಸೆಂಬರ್ 25ಕ್ಕೆ ಮುಗಿಯುವುದಿಲ್ಲ. ಜನವರಿ 1ರ ದೇವಮಾತೆಯ ಹಬ್ಬ, ಮೂರು ರಾಯರ ಹಬ್ಬಗಳನ್ನು ದಾಟಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೆ ಅದು ಸಾಗುತ್ತದೆ. ಧರ್ಮಸಭೆಯೇ ಇಷ್ಟು ದಿನಗಳನ್ನು ಕೊಟ್ಟಿರುವಾಗ ಎಲ್ಲ ಸಿಹಿಯನ್ನೂ ಒಂದೇ ದಿನ ಮುಗಿಸುವ ಅವಸರವೇಕೆ? ಹೋಳಿಗೆ ಮಾಡಿದ ದಿನ ಕೇಕು ಕತ್ತರಿಸದೆ, ಅದನ್ನು ಹೊಸ ವರ್ಷಕ್ಕೆ ಇಡಬಹುದು. ಮನೆಯಲ್ಲಿ ಎಂಟು ಬಗೆಯ ಕುಸ್ವಾರಿನ ಬದಲು ಮೂರು ಬಗೆ ಮಾಡಿ, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು. ಬಂದ ತಟ್ಟೆಯನ್ನು ತಿರಸ್ಕರಿಸದೆ, ಅದರಿಂದ ಪ್ರತಿಯೊಬ್ಬರೂ ಒಂದು ತುಣುಕು ತಿಂದರೆ ಸ್ನೇಹವೂ ಉಳಿಯಿತು, ಆರೋಗ್ಯವೂ ಉಳಿಯಿತು.

ಸಂತ ಫ್ರಾನ್ಸಿಸರ ಆ ಪ್ರಸಂಗಕ್ಕೆ ಮುಂದುವರಿಕೆಯಿದೆ. ಕ್ರಿಸ್ತ ಜಯಂತಿಯಂದು ಉಳ್ಳವರು ಬಡವರಿಗೆ ಹೊಟ್ಟೆತುಂಬ ಊಟ ನೀಡಬೇಕು, ಎತ್ತು ಕತ್ತೆಗಳಿಗೂ ನಿತ್ಯಕ್ಕಿಂತ ಹೆಚ್ಚು ಮೇವು ಹಾಕಬೇಕು ಎಂಬುದು ಅವರ ಆಸೆಯಾಗಿತ್ತು. ಹೊಲಕ್ಕೆ ಚರಗ ಚೆಲ್ಲಿ, ದಾರಿಹೋಕರನ್ನೂ ಕರೆದು ಉಣ್ಣಿಸುವ ನಮ್ಮ ನೆರೆಯ ರೈತರಿಗೆ ಈ ಮಾತು ಹೊಸದಾಗಿ ಕೇಳಿಸಲಾರದು. ತೊಗರಿ ರಾಶಿಗೆ ಬಂದ ಕೂಲಿಯ ಕುಟುಂಬ, ರಜೆಗೆ ಊರಿಗೆ ಹೋಗಲಾಗದ ಕಾರ್ಖಾನೆಯ ಒಂಟಿ ಕೆಲಸಗಾರ, ಮಕ್ಕಳು ದೂರವಿರುವ ಮುದುಕಿ: ಇವರಲ್ಲಿ ಒಬ್ಬರು ನಮ್ಮ ಪಂಕ್ತಿಯಲ್ಲಿ ಕುಳಿತರೆ ಪಾತ್ರೆಯಲ್ಲಿ ಉಳಿಯುವುದೂ ಕಡಿಮೆ, ನಾವು ಮಿತಿಮೀರುವುದೂ ಕಡಿಮೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಎಷ್ಟು ಉಣ್ಣಬೇಕು, ಯಾರೊಡನೆ ಉಣ್ಣಬೇಕು, ಎಂದು ನಿಲ್ಲಿಸಬೇಕು ಎಂಬ ಮೂರನ್ನೂ ಅರಿತವನೇ ಊಟ ಬಲ್ಲವನು. ಈ ಬಾರಿ ಕ್ರಿಸ್‌ಮಸ್‌ನಂದು ನಿಮ್ಮ ಮನೆಯ ಹಿರಿಯರಿಗೆ ಪಲ್ಯ, ಬೇಳೆಗಳ ನಂತರ ಒಂದು ಹೋಳಿಗೆಯನ್ನು ಎಲ್ಲರೆದುರಿಗೇ ಬಡಿಸಿರಿ. ಮರುದಿನ ಬೆಳಿಗ್ಗೆ ಮಾತ್ರೆಯ ಜೊತೆಗೆ ಬಿಸಿ ರೊಟ್ಟಿಯನ್ನೂ ಅವರ ಮುಂದಿಟ್ಟು, ಅವರು ಉಂಡು ಏಳುವವರೆಗೆ ಪಕ್ಕದಲ್ಲಿ ಕುಳಿತಿರಿ.